ಮೈಕ್ ಇದ್ದವರ ಹಾಡು

ಮೊನ್ನೆ ಭಾನುವಾರ ಸಂಜೆ ಪಕ್ಕದ ಮನೆಯ ಶಾಂತವ್ವನ ಟಿವಿಯಲ್ಲಿ ಒಂದು ಸಿನಿಮಾ ನೋಡಿದೆ. ನನಗೆ ಹೋಗುವ ಮನಸ್ಸಿರಲಿಲ್ಲ. ಸಾಲಿ ಮಕ್ಕಳ ಉತ್ತರಪತ್ರಿಕೆ ತಿದ್ದುವುದಿತ್ತು, ಜೋಳ ಹಸನು ಮಾಡುವುದಿತ್ತು. ಆದರೆ ಟಿವಿ ತಂದವರು ನೆರೆಯವರನ್ನು ಕರೆಯದೆ ಬಿಡುವುದಿಲ್ಲ, ಕರೆದಾಗ ಹೋಗದಿದ್ದರೆ ಹೊಟ್ಟೆಕಿಚ್ಚು ಎಂದು ಓಣಿಗೆಲ್ಲ ಹೇಳುತ್ತಾರೆ. ಅದಕ್ಕೆ ಹೋಗಿ ಚಾಪೆಯ ತುದಿಗೆ ಕೂತೆ. ನಮ್ಮ ಯಜಮಾನರು ಆಗಲೇ ಮುಂದಿನ ಸಾಲಿನಲ್ಲಿ ಗೂಟ ಹೊಡೆದವರಂತೆ ಕೂತಿದ್ದರು.

ಹಿಂದಿ ಸಿನಿಮಾ. ನಮ್ಮ ಕಡೆಯವರಿಗೆ ಹಿಂದಿ ಅರ್ಧ ತಿಳಿಯುತ್ತದೆ. ಉಳಿದರ್ಧ ಮಾಳಿಗೆಯ ಮೇಲಿನ ಆಂಟೆನಾ ಗಾಳಿಗೆ ತಿರುಗಿದಾಗ ಹಾರಿಹೋಗುತ್ತದೆ. ಈ ಸಿನಿಮಾಕ್ಕೆ ಅಷ್ಟು ಹಿಂದಿಯೂ ಬೇಕಿರಲಿಲ್ಲ. ಒಂದು ಸಣ್ಣ ಊರು, ಅಲ್ಲೊಬ್ಬ ಸೈಕಲ್ ಅಂಗಡಿಯವನು. ಗಾಲಿಗೆ ಗಾಳಿ ಹಾಕುತ್ತ ಹಾಡುತ್ತಾನೆ. ಅವನು ಹಾಡಿದ ಕೂಡಲೆ ಊರಿನ ಜನವೆಲ್ಲ ಕೆಲಸ ಬಿಟ್ಟು ನಿಂತು ಕೇಳುತ್ತದೆ. ನೀರಿಗೆ ಹೋದ ಹೆಂಗಸರು ಕೊಡ ಹೊತ್ತುಕೊಂಡೇ ತಲೆಯಾಡಿಸುತ್ತಾರೆ. ಒಂದು ದಿನ ಊರ ಮುಂದೆ ಒಂದು ಕಾರು ಕೆಡುತ್ತದೆ, ಅದರಲ್ಲಿ ಒಬ್ಬ ದೊಡ್ಡ ಸಂಗೀತಗಾರ ಇರುತ್ತಾನೆ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಕೊನೆಗೆ ದೊಡ್ಡ ಸಭಾಗೃಹ, ಚಪ್ಪಾಳೆ, ಬಾಗಿಲಲ್ಲಿ ಹಳೆಯ ಸೀರೆಯ ತಾಯಿ. ಆ ತಾಯಿ ಸಭಾಗೃಹದ ದಾರಿಯನ್ನು ಯಾರಿಗೆ ಕೇಳಿಕೊಂಡು ಬಂದಳೋ ಗೊತ್ತಿಲ್ಲ. ನಾನು ಹುಬ್ಬಳ್ಳಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಬೀಗರ ಮನೆಗೆ ಹೋಗುವಷ್ಟರಲ್ಲಿ ಎರಡು ಸಲ ದಾರಿ ತಪ್ಪುತ್ತೇನೆ.

ಆ ಊರಿನಲ್ಲಿ ಯಾರಿಗೂ ಹಸಿವಿಲ್ಲ ಎಂದೇ ನನಗೆ ಅನಿಸಿತು. ನಾನು ಈ ಇಳಕಲ್ಲಿಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಯಿತು. ಯಾರೋ ಹಾಡಿದರೆಂದು ಮಗ್ಗ ನಿಲ್ಲಿಸಿದ ಒಬ್ಬ ನೇಕಾರನನ್ನೂ ನೋಡಿಲ್ಲ. ಹಾಡು ಚೆನ್ನಾಗಿದ್ದರೆ ಮಗ್ಗ ಅದರ ಲಯಕ್ಕೆ ಓಡುತ್ತದೆ, ಕೆಟ್ಟದಾಗಿದ್ದರೆ ಇನ್ನಷ್ಟು ಜೋರಾಗಿ ಓಡುತ್ತದೆ. ಅಷ್ಟೇ ವ್ಯತ್ಯಾಸ. ಇನ್ನು ಆ ಸಿನಿಮಾದ ನಾಯಕಿ. ಅವಳಿಗೆ ಇದ್ದದ್ದು ಎರಡೇ ಕೆಲಸ. ಅವನು ಸೋತಾಗ ಕಂಬ ಹಿಡಿದು ಅಳುವುದು, ಗೆದ್ದಾಗ ಅದೇ ಕಂಬ ಹಿಡಿದು ನಗುವುದು. ಹಾಡುಗಾರನ ಮನೆಯಲ್ಲಿ ಹಿಟ್ಟು ಯಾರು ಬೀಸಿಕೊಂಡು ಬರುತ್ತಾರೆ ಎಂಬ ಸುದ್ದಿಯೇ ಇಲ್ಲ.

ಸಿನಿಮಾ ಮುಗಿದಾಗ ನಮ್ಮ ಯಜಮಾನರು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಶಾಂತವ್ವ ನನ್ನ ಕಡೆ ತಿರುಗಿ, "ಅಕ್ಕೋರ, ಥೇಟ್ ನಿಮ್ಮ ಮನಿ ಕತಿನ ನೋಡ್ರಿ" ಎಂದಳು.

ಈ ಮಾತಿಗೆ ಉತ್ತರ ಕೊಡಲಿಕ್ಕೆ ನಾನು ಈ ಪ್ರಬಂಧ ಬರೆಯುತ್ತಿದ್ದೇನೆ ಎಂದು ತಿಳಿಯಿರಿ.

ನಮ್ಮ ಯಜಮಾನರ ಹೆಸರನ್ನು ನಾನು ಬಾಯಿಂದ ಹೇಳುವುದಿಲ್ಲ. ಬರೆಯಲಿಕ್ಕೆ ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಊರಿನಲ್ಲಿ ಅವರು ಮೈಕ್ ಮಲ್ಲಪ್ಪ. ಮದುವೆ, ಮುಂಜಿವೆ, ಚುನಾವಣೆ, ಪುರಾಣ, ಯಾವುದಿದ್ದರೂ ಬಾಡಿಗೆಗೆ ಮೈಕ್ ಸೆಟ್ ಕೊಡುವ ಅಂಗಡಿ. ತಗಡಿನ ಎರಡು ಹಾರ್ನು, ಒಂದು ಆಂಪ್ಲಿಫೈಯರು, ಕರೆಂಟಿಲ್ಲದ ಹಳ್ಳಿಗೆ ಒಯ್ಯಲು ಲಾರಿಯದೊಂದು ಬ್ಯಾಟರಿ, ಮತ್ತೆ ಮಾರುಗಟ್ಟಲೆ ವೈರು. ಆ ವೈರನ್ನು ಸಿಕ್ಕು ಬಿಡಿಸಿ ಸುರುಳಿ ಸುತ್ತುವುದು ಮಾತ್ರ ನನ್ನ ಪಾಲಿಗೆ ಬಂದ ಸಂಗೀತ. ನಾನು ಪ್ರಾಥಮಿಕ ಸಾಲಿಯಲ್ಲಿ ಅಕ್ಕೋರು. ಹಗಲು ಮಕ್ಕಳ ತಲೆಯ ಸಿಕ್ಕು, ಸಂಜೆ ವೈರಿನ ಸಿಕ್ಕು.

ಮೈಕ್ ಇದ್ದವರಿಗೆ ಒಂದು ರೋಗ ಬರುತ್ತದೆ. ನೀವು ಯಾವ ಊರಿನಲ್ಲಿ ಬೇಕಾದರೂ ನೋಡಿ. ಮೊದಮೊದಲು "ಹಲೋ, ಹಲೋ" ಎಂದಷ್ಟೇ ಪರೀಕ್ಷೆ ಮಾಡುತ್ತಾರೆ. ಆಮೇಲೆ ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ. ಒಂದು ದಿನ ತಮ್ಮ ಧ್ವನಿ ತಗಡಿನ ಹಾರ್ನಿನಿಂದ ಹೊರಟು ಆಚೆ ಓಣಿಗೆ ಬಡಿದು ತಿರುಗಿ ಬಂದದ್ದು ಕಿವಿಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ನಮ್ಮ ಯಜಮಾನರು ಮೈಕ್ ಪರೀಕ್ಷೆಗೆಂದು ಪೂರ್ತಿ ಒಂದು ಹಾಡು ಹಾಡುತ್ತಿದ್ದರು. ಪಲ್ಲವಿ, ಎರಡು ಚರಣ, ನಡುವೆ ಬಾಯಿಂದಲೇ ಪಿಟೀಲು. ಅಕ್ಷತೆ ಕೈಯಲ್ಲಿ ಹಿಡಿದ ಜನ ಕಾಯುತ್ತಿದ್ದರು. ಗುಡೂರಿನಲ್ಲಿ ಒಮ್ಮೆ ಬೀರಪ್ಪನ ಗುಡಿಗೆ ಮೈಕ್ ಒಯ್ದರು. ಡೊಳ್ಳು ಬಾರಿಸುವವರಿಗೆ ಮೈಕ್ ಯಾಕೆ ಬೇಕು ಹೇಳಿ. ಡೊಳ್ಳಿನವರು ನೀರು ಕುಡಿಯಲು ಕೂತದ್ದೇ ತಡ, ಇವರು ಪ್ರೇಮಗೀತೆ ಎತ್ತಿದರು. ಗುಡಿಯ ಹಿರಿಯರೊಬ್ಬರು ಬಂದು, "ತಮ್ಮಾ, ಮೈಕ್ ಇಲ್ಲೇ ಇಟ್ಟು ನೀ ಊಟಕ್ಕ ನಡಿ" ಎಂದರಂತೆ. ಇವರು ಅದನ್ನು ಗೌರವ ಎಂದು ತಿಳಿದು ಮನೆಗೆ ಬಂದು ಹೇಳಿದರು.

ಧ್ವನಿ ಹೇಗಿತ್ತು ಎಂದು ಕೇಳುತ್ತೀರಿ. ಜೋರಾಗಿತ್ತು. ಅದರಾಚೆ ಏನು ಹೇಳಲಿ. ಶ್ರುತಿ ಹೊರಟ ಕಡೆ ನಿಲ್ಲುತ್ತಿರಲಿಲ್ಲ. ಮೇಲೆ ಹೋಗುವ ಜಾಗದಲ್ಲಿ ಪಕ್ಕಕ್ಕೆ ಹೋಗುತ್ತಿತ್ತು. ನಾನೇನು ಸಂಗೀತ ಕಲಿತವಳಲ್ಲ, ಬಾದಾಮಿಯ ತವರುಮನೆಯಲ್ಲಿ ಅಪ್ಪ ಭಜನೆಗೆ ಕೂಡಿಸುತ್ತಿದ್ದರು ಅಷ್ಟೆ. ಆದರೂ ಬಿದ್ದದ್ದು ಬಿದ್ದಿತು ಎಂದು ತಿಳಿಯಲು ಕಿವಿ ಸಾಕು. ಇವರಿಗೆ ಅದು ತಿಳಿಯುತ್ತಿರಲಿಲ್ಲ. ನಾನು ಹೇಳಿದರೆ, "ನಿನಗ ಸಾಲಿ ಪ್ರಾರ್ಥನಾದ ಕಿವಿ" ಎನ್ನುತ್ತಿದ್ದರು.

ಇಡೀ ಇಳಕಲ್ಲಿನಲ್ಲಿ ಅವರ ಹಾಡಿಗೆ ಒಬ್ಬರೇ ಒಬ್ಬ ರಸಿಕರು, ಹುಸೇನಸಾಬರು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಸ್ಟೀಲಿನ ಪಾತ್ರೆ ಬಂದ ಮೇಲೆ ಕಸುಬು ಸಡಿಲಾಗಿ, ಇವರ ಜೊತೆ ಹಾರ್ನು ಕಟ್ಟಲು ಬರುತ್ತಿದ್ದರು. ಕಲಾಯಿ ಮುಗಿದ ಪ್ರತಿ ಕೊಡವನ್ನೂ ಬೋರಲು ಹಾಕಿ ಒಂದು ಠೇಕಾ ಬಾರಿಸಿಯೇ ಕೊಡುವ ಮನುಷ್ಯ. ಇವರು ಹಾಡುವುದು, ಅವರು ಬಾರಿಸುವುದು. ಒಬ್ಬರನ್ನೊಬ್ಬರು ಹೊಗಳಿಕೊಳ್ಳುತ್ತ ನಮ್ಮ ಪಡಸಾಲೆಯಲ್ಲಿ ನನ್ನ ಕೈಯಿಂದ ಚಹಾ ಮಾಡಿಸಿಕೊಂಡು ಕುಡಿದದ್ದಕ್ಕೆ ಲೆಕ್ಕವಿಲ್ಲ.

ಇಂಥದರಲ್ಲಿ ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ಬೇಸಿಗೆ ಬಾದಾಮಿಗೆ ಸಿನಿಮಾದವರು ಬಂದರು.

ಬಾದಾಮಿಯಲ್ಲಿ ನನ್ನ ತಮ್ಮ ಬಸು ಖಾನಾವಳಿ ನಡೆಸುತ್ತಾನೆ. ಸಿನಿಮಾದ ತಂಡಕ್ಕೆ ಊಟ ಅವನದೇ. ಹೊಂಡದ ದಂಡೆಯ ಮೇಲೆ, ಗುಡಿಯ ಮುಂದೆ ನಾಯಕಿಯ ಕುಣಿತ ತೆಗೆಯಬೇಕಿತ್ತು. ಟೇಪಿನಲ್ಲಿ ಹಾಡು ಹಾಕಿ ಹಾರ್ನಿನಿಂದ ಕೇಳಿಸಿದರೆ ಅದಕ್ಕೆ ತಕ್ಕಂತೆ ಅವಳು ಕುಣಿದು ಬಾಯಾಡಿಸುವುದು. ಅವರ ಹಾರ್ನು ದಾರಿಯಲ್ಲಿ ಎಲ್ಲೋ ಜಜ್ಜಿಹೋಗಿತ್ತು. ಬಾದಾಮಿಯ ಮೈಕಿನವನು ಮಹಾಕೂಟದಲ್ಲಿ ಮದುವೆಗೆ ಹೋಗಿದ್ದ. ಬಸು ಉಬ್ಬಿ, "ನಮ್ಮ ಮಾಮಾ ಅದಾರ್ರಿ ಇಳಕಲ್ಲಾಗ" ಎಂದುಬಿಟ್ಟ. ಸುದ್ದಿ ಬಂದಾಗ ಇವರು ಉಣ್ಣುತ್ತಿದ್ದರು. ಕೈ ತೊಳೆದದ್ದು ನನಗೆ ನೆನಪಿಲ್ಲ. ಹಾರ್ನು, ಬ್ಯಾಟರಿ, ಹುಸೇನಸಾಬರು, ಕೊನೆಗೆ ನಾನು, ಎಲ್ಲ ಒಂದೇ ಟೆಂಪೋದಲ್ಲಿ ಬಾದಾಮಿಗೆ ಹೋದೆವು. ನನಗೆ ಸಾಲಿ ಸೂಟಿ, ತಾಯಿಯನ್ನು ನೋಡುವ ನೆಪ.

ಮರುದಿನ ಮುಂಜಾನೆಯಿಂದ ಅದೇ ಹಾಡು. ಸಿನಿಮಾ ತೆಗೆಯುವುದನ್ನು ನೀವು ನೋಡಿಲ್ಲವಾದರೆ ನೋಡಲು ಹೋಗಬೇಡಿ. ಒಂದು ಸಾಲು ಹಾಡು ಬರುತ್ತದೆ, ಆಕೆ ಕೈ ಎತ್ತುತ್ತಾಳೆ, ಯಾರೋ ನಿಲ್ಲಿಸು ಎನ್ನುತ್ತಾರೆ, ಮುಖಕ್ಕೆ ಪೌಡರು ಬಳಿಯುತ್ತಾರೆ, ಮತ್ತೆ ಅದೇ ಸಾಲು. ನಾನು ತಾಯಿಯ ಜೊತೆ ಎದುರು ದಂಡೆಯ ಮೆಟ್ಟಿಲ ಮೇಲೆ ಕೂತಿದ್ದೆ. ಅರಿವೆ ಒಗೆಯಲು ಬಂದ ಹೆಂಗಸರಿಗೂ ಮಧ್ಯಾಹ್ನದ ಹೊತ್ತಿಗೆ ಹಾಡು ಬಾಯಿಪಾಠವಾಗಿತ್ತು. ಇವರಿಗೆ ಆಗದಿರುತ್ತದೆಯೇ. ಹಾರ್ನಿನ ಪಕ್ಕದಲ್ಲೇ ಕೂತು ತುಟಿ ಅಲ್ಲಾಡಿಸುತ್ತಿದ್ದುದು ಆಚೆ ದಂಡೆಗೂ ಕಾಣುತ್ತಿತ್ತು.

ಬಾದಾಮಿಯ ಮಂಗಗಳ ವಿಷಯ ಬಾದಾಮಿಗೆ ಹೋದವರಿಗೆ ಗೊತ್ತು. ಊಟದ ಹೊತ್ತಿನಲ್ಲಿ ಟೇಪಿನ ಯಂತ್ರದವನು ಎಲೆ ಹಾಸಿಕೊಂಡು ಕೂತಿದ್ದ. ಒಂದು ಗಡವ ಬಂದು ಹಾಡಿನ ಟೇಪಿನ ಚಕ್ರವನ್ನು ಎತ್ತಿಕೊಂಡು ಬಂಡೆ ಹತ್ತಿತು. ರೊಟ್ಟಿ ಅಂದುಕೊಂಡಿತೋ ಏನೋ. ಕಚ್ಚಿ ನೋಡಿತು, ರುಚಿಸಲಿಲ್ಲ, ಬಿಚ್ಚಿ ನೋಡಿತು. ಟೇಪು ಶಾವಿಗೆಯಂತೆ ಬಂಡೆಯ ಮೇಲಿನಿಂದ ಇಳಿಬಿದ್ದು ಗಾಳಿಗೆ ಹಾರಾಡತೊಡಗಿತು. ಇನ್ನೊಂದು ಪ್ರತಿ ಹುಬ್ಬಳ್ಳಿಯ ಲಾಡ್ಜಿನಲ್ಲಿ ಉಳಿದಿತ್ತು. ನಾಯಕಿ ಮರುದಿನ ಬೇರೆ ಸಿನಿಮಾಕ್ಕೆ ಹೋಗುವವಳು. ಕೊನೆಯ ಒಂದು ಕುಣಿತ ಬಾಕಿ, ಹೊತ್ತು ಇಳಿಯುತ್ತಿತ್ತು. ನಿರ್ದೇಶಕರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ನೆಲಕ್ಕೆ ಹಾಕಿದರು.

ಆಗ ಊಟ ಬಡಿಸಲು ಬಂದಿದ್ದ ಬಸು ಮ್ಯಾನೇಜರಿಗೆ ಹೇಳಿದನಂತೆ, "ನಮ್ಮ ಮಾಮಾ ಹಾಡ್ತಾರ್ರಿ, ಪೂರಾ ಬರ್ತೈತಿ ಅವರಿಗೆ."

ನನ್ನ ತಮ್ಮನಿಗೆ ಆ ಸಿಟ್ಟಿಗೆ ನಾನು ಒಂದು ವರ್ಷ ಪಂಚಮಿಗೆ ಉಂಡಿ ಕಳಿಸಲಿಲ್ಲ.

ದೂರದಿಂದ ತೆಗೆಯುವ ದೃಶ್ಯ, ಬಾಯಿ ಕಾಣುವುದಿಲ್ಲ, ಹೆಜ್ಜೆಗೆ ಲಯ ಸಿಕ್ಕರೆ ಸಾಕು ಎಂದು ಕುಣಿತದ ಮಾಸ್ತರರು ಒಪ್ಪಿದರು. ಹುಸೇನಸಾಬರು ಖಾನಾವಳಿಯಿಂದ ಚುರುಮುರಿ ತಂದಿದ್ದ ಖಾಲಿ ಡಬ್ಬಿಯನ್ನು ಬೋರಲು ಹಾಕಿ ಕೂತರು. ನಮ್ಮ ಯಜಮಾನರು ಮೈಕ್ ಹಿಡಿದು ನಿಂತರು. ಆ ಹೊಂಡದ ಸುತ್ತ ಕೆಂಪು ಬಂಡೆ ಗೋಡೆಯಂತೆ ನಿಂತಿದೆ. ಒಂದು ಸಲ ಹಾಡಿದ್ದು ಮೂರು ಸಲ ಕೇಳುತ್ತದೆ. ಮೊದಲೇ ನಮ್ಮವರ ಧ್ವನಿ, ಅದು ಮೂರು ಕಡೆಯಿಂದ ಬಂದು ನಮ್ಮ ಮೆಟ್ಟಿಲಿಗೆ ಬಡಿಯಿತು. ಮಂಗಗಳು ಗುಡ್ಡದ ಆಚೆ ಇಳಿದವು.

ಪಕ್ಕದಲ್ಲಿ ಅರಿವೆ ಹಿಂಡುತ್ತಿದ್ದವಳು, "ಯಾರವಾ ಇಂವ, ಹಿಂಗ ಒದರಾಕತ್ತಾನ" ಎಂದು ಕೇಳಿದಳು.

ನಾನು, "ಯಾರೋ ಪರ ಊರಿನವರು" ಎಂದೆ. ನಮ್ಮ ತಾಯಿ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು. ನಗುತ್ತಿದ್ದಳು.

ಅಂತೂ ಆಕೆ ಕುಣಿದಳು, ಅವರು ತೆಗೆದರು. ಸಾಮಾನು ಕಟ್ಟುವಾಗ ಮ್ಯಾನೇಜರು ಬಂದು ಇವರ ಕೈ ಹಿಡಿದು, "ತುಂಬಾ ಚೆನ್ನಾಗಿ ಹಾಡಿದ್ರಿ ಸಾರ್. ಪಿಕ್ಚರ್ ಬಂದಾಗ ತಪ್ಪದೆ ನೋಡಿ" ಎಂದರು. ಬೆಂಗಳೂರಿನವರ "ತುಂಬಾ ಚೆನ್ನಾಗಿ" ಅಂದರೆ ನಮ್ಮ ಕಡೆಯವರು ಉಣ್ಣುವಾಗ ಯಾರೇ ಬಾಗಿಲಿಗೆ ಬಂದರೂ "ಬರ್ರಿ ಊಟಕ್ಕ" ಎನ್ನುತ್ತೇವಲ್ಲ, ಹಾಗೆ. ಬಂದವರು ಕೂತೇಬಿಡುತ್ತಾರೆ ಎಂದು ಯಾರೂ ತಿಳಿದಿರುವುದಿಲ್ಲ. ನಮ್ಮ ಯಜಮಾನರು ಕೂತೇಬಿಟ್ಟರು.

ಇಳಕಲ್ಲಿಗೆ ಮರಳಿದ ವಾರದಲ್ಲಿ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಕೆಳಗೆ "ಚಲನಚಿತ್ರ ಗಾಯಕರು" ಎಂದು ಬರೆಸಿದರು. ನಾನು ಸಾಲಿಯಿಂದ ಬರುವಾಗ ನೋಡಿ ಅಲ್ಲೇ ನಿಂತೆ.

"ಇದೇನ್ರಿ ಇದು?" ಎಂದು ಕೇಳಿದೆ.

"ಇದ್ದದ್ದು ಬರಿಸೀನಿ."

"ಮುಂಜಾನಿಂದ ಟೇಪಿನಾಗ ಒಬ್ಬರು ಹಾಡಾಕತ್ತಿದ್ದರಲ್ಲ, ಅವರು ಯಾರ್ರಿ ಮತ್ತ?"

ಇವರು ಒಂದು ಕ್ಷಣವೂ ತಡೆಯಲಿಲ್ಲ. "ಅದು ಬರೇ ಶ್ಯಾಂಪಲ್ಲು" ಎಂದರು. "ನಾ ಹಾಡುಮುಂದ ಒಬ್ಬಾಂವ ಉದ್ದನ್ನ ಕೋಲಿಗೆ ಮೈಕ್ ಕಟ್ಟಿ ಹಿಡದಿದ್ದ. ಸುಮ್ನ ಹಿಡಿತಾರೇನು?"

ದೇಶದ ದೊಡ್ಡ ಹಾಡುಗಾರರೊಬ್ಬರ ಹಾಡನ್ನು ಶ್ಯಾಂಪಲ್ಲು ಮಾಡಿಬಿಟ್ಟರು. ಹುಸೇನಸಾಬರು ಅಂಗಡಿಯ ಕಟ್ಟೆಯ ಮೇಲಿಂದ, "ಅಕ್ಕೋರ, ನನ್ನ ಡಬ್ಬಿನೂ ಹಿಡದಾರ್ರಿ" ಎಂದರು. ಇಬ್ಬರ ಮುಖವನ್ನೂ ನೋಡಿ ನಾನು ಮನೆಗೆ ನಡೆದೆ. ಆ ವರ್ಷ ತರಗತಿಯಲ್ಲಿ ಕೈ ಎತ್ತಿದ ಮಕ್ಕಳನ್ನು ಮಾತಾಡಿಸಲು ಅಂಜುತ್ತಿದ್ದೆ. ಲೆಕ್ಕದ ಸಂಶಯ ಕೇಳುತ್ತಾರೆಂದುಕೊಂಡರೆ, "ಅಕ್ಕೋರ, ನಿಮ್ಮ ಮನಿಯವರ ಸಿನಿಮಾ ಯಾವಾಗ ಬರ್ತೈತ್ರಿ?" ಎಂದು ಕೇಳುತ್ತಿದ್ದವು.

ಮರುವರ್ಷ ಸಿನಿಮಾ ಬಂತು. ಇವರು ಟಾಂಗಾಕ್ಕೆ ತಮ್ಮದೇ ಹಾರ್ನು ಕಟ್ಟಿ, ತಮ್ಮ ಸಿನಿಮಾದ ಪ್ರಚಾರವನ್ನು ತಾವೇ ಮಾಡಿಕೊಂಡು ಊರು ಸುತ್ತಿದರು. ಭಾನುವಾರ ಮ್ಯಾಟ್ನಿಗೆ ಅರ್ಧ ಇಳಕಲ್ಲು ಬಂದಿತ್ತು. ನಾನು ಬರುವುದಿಲ್ಲ ಎಂದೆ. ಆಮೇಲೆ ಯೋಚಿಸಿದೆ. ಒಂದು ವರ್ಷದಿಂದ "ನಾ ಹೇಳಿದ್ದಿಲ್ಲೇನು" ಎಂಬ ಮಾತನ್ನು ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಅದನ್ನು ಹೇಳುವ ದಿನ ಬಂದಾಗ ಮನೆಯಲ್ಲಿ ಕೂತರೆ ಹೇಗೆ. ಶಾಂತವ್ವನ ಜೊತೆ ಹೋಗಿ ಹೆಂಗಸರ ಸಾಲಿನಲ್ಲಿ ಕೂತೆ. ಮೊದಲಿಗೆ ಹೆಸರುಗಳು ಬಂದವು. ಹಾಡಿದವರ ಹೆಸರೂ ಬಂತು. ಜನ ಇನ್ನೂ ಜಾಗ ಹಿಡಿಯುವ ಗದ್ದಲದಲ್ಲಿದ್ದರು. ಓದಿದವಳು ನಾನೊಬ್ಬಳೇ ಇರಬೇಕು.

ಹಾಡಿನ ಹೊತ್ತು ಬಂತು. ಹೊಂಡ ಕಂಡಿತು, ಗುಡಿ ಕಂಡಿತು, ಬಂಡೆ ಕಂಡಿತು. ಟಾಕೀಸು ಸಿಳ್ಳಿನಿಂದ ಕಿತ್ತುಹೋಯಿತು. ಒಂದು ಅಕ್ಷರ ಕೇಳಲಿಲ್ಲ. ಹಾಡು ಮುಗಿದ ಮೇಲೆ ಜನ "ಒನ್ಸ್ ಮೋರ್" ಎಂದು ಕುರ್ಚಿ ಬಡಿದರು. ಯಂತ್ರದವನು ಪಾಪದವನು, ರೀಲು ತಿರುಗಿಸಿ ಮತ್ತೆ ಹಾಕಿದ. ಈ ಸಲ ಎಲ್ಲರೂ ಸುಮ್ಮನೆ ಕೂತರು.

ಹಾಡು ಕೇಳಿತು. ಆ ಟಾಕೀಸಿನ ಹರಕು ಸ್ಪೀಕರಿನಲ್ಲೂ ಅದು ಎಷ್ಟು ಚೆನ್ನಾಗಿತ್ತೆಂದು ಹೇಳಲಾರೆ. ಮೇಲೆ ಹೋಗುವ ಜಾಗದಲ್ಲಿ ಮೇಲೆಯೇ ಹೋಯಿತು. ನಾನು ಗಂಡಸರ ಕಡೆ ಕತ್ತು ಹೊರಳಿಸಿ ನೋಡಿದೆ. ಪರದೆಯ ಬೆಳಕಿನಲ್ಲಿ ಇವರು ಕಂಡರು. ಮುಂದಿನ ಕುರ್ಚಿಯ ಬೆನ್ನು ಹಿಡಿದು ಬಾಗಿ ಕೂತಿದ್ದರು. ತುಟಿ ಅಲ್ಲಾಡುತ್ತಿರಲಿಲ್ಲ.

ಈಗ ಊರು ನಗುತ್ತದೆ ಎಂದು ನಾನು ಸೆರಗು ಬಿಗಿಮಾಡಿಕೊಂಡು ಕಾದೆ. ಊರು ನಗಲಿಲ್ಲ. ಊರು ಚಪ್ಪಾಳೆ ಹೊಡೆಯಿತು. ಹಿಂದಿನ ಸಾಲಿನಿಂದ ಯಾರೋ, "ಏನ್ ಹಾಡ್ಯಾನಲೇ ನಮ್ಮ ಮಲ್ಲ್ಯಾ" ಎಂದರು. ಶಾಂತವ್ವ ನನ್ನ ತೊಡೆ ತಟ್ಟಿ, "ಅಕ್ಕೋರ, ಮಷೀನಿನಾಗ ಹಾಕಿದ್ರ ಧ್ವನಿ ತಿಳಿ ಆಗ್ತೈತಿ ನೋಡ್ರಿ" ಎಂದಳು.

ಮೈಕ್ ಅಂಗಡಿ ತೆರೆದಂದಿನಿಂದ ಈ ಜನ ಆ ಧ್ವನಿಯನ್ನು ಎರಡು ಹಾರ್ನಿನಿಂದ ಕೇಳಿದವರು. ಅದನ್ನು ಬೈದವರು, ಅದಕ್ಕೆ ಬಾಗಿಲು ಹಾಕಿಕೊಂಡವರು. ಅವರಿಗೆ ಇಷ್ಟೂ ಗುರುತು ಸಿಗಲಿಲ್ಲ. ಸೀರೆಯ ಸೆರಗಿನಲ್ಲಿ ಒಂದು ಎಳೆ ತಪ್ಪಿದರೆ ಆಚೆ ಮನೆಯಿಂದ ಹೇಳುವ ಊರು ಇದು. ಕಿವಿಯನ್ನು ಮಾತ್ರ ದೇವರು ಓಲೆ ಹಾಕಿಕೊಳ್ಳಲು ಕೊಟ್ಟಿದ್ದಾನೆ ಎಂದು ಆ ದಿನ ತೀರ್ಮಾನಿಸಿದೆ.

ಮನೆಗೆ ಬಂದ ಮೇಲೆ ಇವರು ಅಂಗಿ ಬಿಚ್ಚದೆ ಪಡಸಾಲೆಯ ಕಂಬಕ್ಕೆ ಒರಗಿ ಕೂತರು. ಚಹಾ ಕೊಟ್ಟೆ. ಕಪ್ಪು ಕೆಳಗಿಟ್ಟು, "ಅಂವ ಭಾಳ ಚಂದ ಹಾಡ್ಯಾನ" ಎಂದರು.

ಮತ್ತೆ ಅವರೇ, "ನಾ ಹಿಂಗ ಹಾಡೀನಿ ಅಂದುಕೊಂಡಿದ್ದೆ" ಎಂದರು.

ವರ್ಷದಿಂದ ಸಿದ್ಧವಾಗಿದ್ದ ನನ್ನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಳಗೆ ಹೋಗಿ ಬದನೆಕಾಯಿ ಹೆಚ್ಚಲು ಕೂತೆ. ಗೆದ್ದವಳಿಗೆ ಆಗಬೇಕಾದ ಸಂತೋಷ ಆಗಲೇ ಇಲ್ಲ. ಅದಕ್ಕೂ ಅವರ ಮೇಲೇ ಸಿಟ್ಟು ಬಂತು.

ಮರುದಿನ ಅವರೇ ಏಣಿ ಹತ್ತಿ ಬೋರ್ಡಿನ ಕೆಳಗಿನ ಸಾಲಿಗೆ ಬಣ್ಣ ಬಳಿದರು. ಅಂಗಡಿಗೆ ಬಂದವರಿಗೆಲ್ಲ, "ಅದು ನನ್ನ ಧ್ವನಿ ಅಲ್ರಿ" ಎಂದು ಹೇಳತೊಡಗಿದರು. ಹುಟ್ಟಿದಾಗಿನಿಂದ ಇವರು ಊರಿಗೆ ಹೇಳಿದ ಬಡಾಯಿಯನ್ನೆಲ್ಲ ಅರ್ಧ ನಂಬಿದ್ದ ಜನರಲ್ಲಿ, ಈ ಒಂದು ನಿಜವನ್ನು ಮಾತ್ರ ಯಾರೂ ನಂಬಲಿಲ್ಲ. ಎಷ್ಟು ವಿನಯ ನೋಡ್ರಿ ಎಂದರು. ದೊಡ್ಡವರಾದ ಮೇಲೆ ಹಿಂಗ ಇರಬೇಕು ಎಂದರು. ಗುಡೂರಿನ ಆ ಗುಡಿಯ ಹಿರಿಯರು ಸ್ವತಃ ಬಂದು ಶಾಲು ಹೊದಿಸಿ ಹೋದರು.

ಇದೆಲ್ಲ ನಗೆಯ ವಿಷಯವೇ. ನಗಲಾರದಂತೆ ಆದದ್ದು ಹುಸೇನಸಾಬರ ಕಡೆಯಿಂದ. ಅವರು ಟಾಕೀಸಿನಲ್ಲಿ ತಮ್ಮ ಡಬ್ಬಿಯನ್ನು ಕಿವಿಯಾರೆ ಕೇಳಿ ಬಂದಿದ್ದರು. ಎರಡನೆಯ ಚರಣದ ಹಿಂದೆ ಟಕಟಕ ಎಂದದ್ದು ಅದೇ ಎಂದು ಮನೆಯಲ್ಲಿ, ಮಸೀದಿಯ ಕಟ್ಟೆಯಲ್ಲಿ, ಹುನಗುಂದದ ತಂಗಿಯ ಮನೆಯಲ್ಲಿ ಹೇಳಿಬಿಟ್ಟಿದ್ದರು.

ಒಂದು ಸಂಜೆ ನಮ್ಮ ಪಡಸಾಲೆಗೆ ಬಂದು ನಿಂತೇ ಕೇಳಿದರು. "ನಿನ್ನ ಹಾಡು ಅಲ್ಲಂತ ಹೇಳ್ಕೋತ ಅಡ್ಡಾಡಾಕತ್ತಿಯಂತಲ್ಲ ಮಲ್ಲಪ್ಪಾ. ಹೌದೋ ಅಲ್ಲೋ?"

"ಖರೆ ಅದ ಐತಿ. ನೀನೂ ಕೇಳಿದಿಯಲ್ಲ."

"ನೀ ಹಾಡಿಲ್ಲಂದ್ರ ನಾ ಬಾರಿಸಿಲ್ಲಂತ ಆತಲ್ಲಪಾ. ನನ್ನ ಡಬ್ಬಿ ಮಾತು ನೀ ಯಾಕ ಕೆಡಸ್ತಿ?"

"ಡಬ್ಬಿನೂ ಇಲ್ಲೋ ಅದರಾಗ. ಅದು ತಬಲಾ."

ಹುಸೇನಸಾಬರು ಚಪ್ಪಲಿ ಮೆಟ್ಟಿ ಹೋದರು. ನಾನು ಇಟ್ಟ ಚಹಾ ಆರಿತು. ಆಮೇಲೆ ಅವರು ಅಂಗಡಿಯ ಕಡೆ ಬರಲಿಲ್ಲ. ಇವರು ಒಬ್ಬರೇ ಹಾರ್ನು ಹೊತ್ತು ಗಿಡ ಹತ್ತಿ ಕಟ್ಟುತ್ತಿದ್ದರು. ಹಾಡುವುದಂತೂ ಪೂರ್ತಿ ನಿಂತಿತು. "ಹಲೋ, ಹಲೋ" ಎಂದು ಮೈಕ್ ಕೆಳಗಿಡುತ್ತಿದ್ದರು. ಮದುವೆಯಾದಂದಿನಿಂದ ನಾನು ಬೇಡಿಕೊಂಡ ಶಾಂತಿ ಮನೆಗೆ ಬಂದಿತ್ತು. ಆ ಶಾಂತಿಯಲ್ಲಿ ಇಬ್ಬರೂ ಎದುರುಬದುರು ಕೂತು ರೊಟ್ಟಿ ತಿನ್ನುವಾಗ ಅಗಿಯುವ ಸಪ್ಪಳ ಕೇಳುತ್ತಿತ್ತು. ಸಂಗೀತಕ್ಕಿಂತ ಅದು ಚೆನ್ನಾಗಿತ್ತು ಎಂದು ಹೇಳಲಾರೆ.

ಮಳೆಗಾಲ ಕಳೆದ ಮೇಲೆ ಹುಸೇನಸಾಬರು ಬಂದರು. ಇವರನ್ನು ನೋಡದೆ ನನಗೇ ಹೇಳಿದರು.

"ಅಕ್ಕೋರ, ಹುನಗುಂದದಾಗ ನನ್ನ ತಂಗಿ ಮಗಳ ಲಗ್ನ. ಸಿನಿಮಾದವರು ಹಾಡ್ತಾರಂತ ಬೀಗರಿಗೆ ನನ್ನ ತಂಗಿ ಗಂಡ ಹೇಳ್ಯಾನ್ರಿ. ಅಂವ ಹೇಳಿದ್ದು ನನ್ನ ಮಾತು ಕೇಳಿ. ಅದೊಂದ ದಿವಸ ಅಲ್ಲ ಅನ್ನಬ್ಯಾಡ ಅಂತ ಇವಗ ಹೇಳ್ರಿ."

ಇವರು ಎದ್ದು ಬಂದು, "ಮೈಕ್ ತಗೊಂಡು ಬರ್ತೇನಿ" ಎಂದರು. "ಹಾಡ್ತೇನಿ. ಸುಳ್ಳು ಹೇಳೂದಿಲ್ಲ."

"ಹಂಗಾದ್ರ ನನ್ನ ಮರ್ಯಾದಿ?"

"ಅದೂ ನೋಡ್ತೇನಿ."

ನೋಡುತ್ತೇನೆ ಎಂದರೆ ಏನೆಂದು ನನಗೂ ಹೇಳಲಿಲ್ಲ. ಇವರು ಯೋಚನೆ ಮಾಡಿದಾಗಲೆಲ್ಲ ಕೆಲಸ ಕೆಟ್ಟದ್ದನ್ನು ನೋಡಿದವಳು ನಾನು. ಅದಕ್ಕೇ ಜೊತೆಗೆ ಹೋದೆ.

ಹುನಗುಂದದಲ್ಲಿ ಅಂಗಳದ ತುಂಬ ಹಂದರ. ಊಟವಾದ ಮೇಲೆ ತಂಗಿಯ ಗಂಡ ಮೈಕ್ ಹಿಡಿದು, ಸಿನಿಮಾದ ಹೆಸರು ಹೇಳಿ, ಆ ಹಾಡಿನ ಹೆಸರು ಹೇಳಿ, ಹಾಡಿದವರು ಇವರೇ ಎಂದು ಘೋಷಿಸಿದ. ಬೀಗರು ಮುಂದೆ ಸರಿದು ಕೂತರು. ಹುಸೇನಸಾಬರು ಹಂದರದ ಕಂಬದ ಹಿಂದೆ ಹೆಚ್ಚುಕಡಿಮೆ ಅಡಗಿ ನಿಂತಿದ್ದರು.

ನಮ್ಮ ಯಜಮಾನರು ಮೈಕ್ ತೆಗೆದುಕೊಂಡರು.

"ಸಿನಿಮಾದಾಗ ನೀವು ಕೇಳಿದ ಧ್ವನಿ ನಂದಲ್ರಿ. ಅದು ಭಾಳ ದೊಡ್ಡವರದು. ಆದ್ರ ಬಾದಾಮಿಯಾಗ ಸಿನಿಮಾ ತಗಿಯುಮುಂದ ಹಾಡಿನ ಟೇಪು ಮಂಗ್ಯಾ ಒಯ್ತು. ಆಗ ಹೊಂಡದ ದಂಡಿ ಮ್ಯಾಲ ನಿಂತು ಹಾಡಿದಾಂವ ನಾ. ನನ್ನ ಹಾಡು ಅವರು ತಗದು ಒಗದಾರ, ಒಗಿಯೂದ ಸರಿ. ಆದ್ರ ಆಕಿ ಹೆಜ್ಜಿ ಹಾಕ್ಯಾಳಲ್ರಿ, ದೂರದಿಂದ ಕಾಣ್ತಾಳಲ್ಲ, ಆ ಹೆಜ್ಜಿ ಹುಸೇನಸಾಬರ ಡಬ್ಬಿಗೆ ಹಾಕಿದ್ದು. ಅದನ್ನ ಒಗಿಯಾಕ ಬರೂದಿಲ್ಲ. ಸಿನಿಮಾ ಇರೂತನ ಆಕಿ ಇವರ ತಾಳಕ್ಕ ಕುಣಿತಾಳ."

ಎಲ್ಲರೂ ಕಂಬದ ಕಡೆ ತಿರುಗಿದರು. ಹುಸೇನಸಾಬರು ಹೊರಗೆ ಬರಬೇಕಾಯಿತು. ಬೀಗರ ಹಿರಿಯರು ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಡಬ್ಬಿ ಎಂಥದ್ದು, ಎಣ್ಣೆಯದೋ ಬಿಸ್ಕೀಟಿನದೋ ಎಂದು ವಿಚಾರಿಸತೊಡಗಿದರು. ನಾನು ಹೆಂಗಸರ ನಡುವೆ ಕೂತು ನಂಬಲಾರದೆ ನೋಡಿದೆ. ಅಷ್ಟು ವರ್ಷಗಳಲ್ಲಿ ಆ ಮೈಕಿನಲ್ಲಿ ಅವರ ಬಾಯಿಂದ ಬಂದ ಮಾತುಗಳಲ್ಲಿ ಅಳತೆಗೆ ಸರಿಯಾಗಿದ್ದದ್ದು ಇದೊಂದೇ. ಅದಕ್ಕೆ ಶ್ರುತಿಯ ಅಗತ್ಯವೂ ಇರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಹಾಡುತ್ತೇನೆಂದು ಮಾತು ಕೊಟ್ಟಿದ್ದರು, ಹಾಡಿದರು. ಯಾರೋ ಹುಸೇನಸಾಬರ ಮುಂದೆ ಒಂದು ಡಬ್ಬಿ ತಂದಿಟ್ಟರು. ಹಾಡು ಶುರುವಾದ ಕೂಡಲೆ ಹಾರ್ನು ಕುಯ್ ಎಂದು ಸಿಳ್ಳು ಹಾಕಿತು. ಹಾಡುವವರೂ ಅವರೇ, ಆಂಪ್ಲಿಫೈಯರು ನೋಡುವವರೂ ಅವರೇ ಆದರೆ ಹೀಗಾಗುತ್ತದೆ. ಬೀಗರ ಮಕ್ಕಳು ಕಿವಿ ಮುಚ್ಚಿಕೊಂಡವು. ಆ ಯಂತ್ರದ ಜೊತೆ ಒಂದೇ ಮನೆಯಲ್ಲಿ ಸಂಸಾರ ಮಾಡಿದವಳಿಗೆ ಯಾವ ಗುಂಡಿ ಎಷ್ಟು ತಿರುವಬೇಕೆಂದು ಗೊತ್ತಿರುತ್ತದೆ. ಎದ್ದು ಹೋಗಿ ತಿರುವಿದೆ. ಸಿಳ್ಳು ನಿಂತಿತು. ತಿರುಗಿ ಹೆಂಗಸರ ಕಡೆ ಹೋಗುವುದು ದೂರವಾಯಿತೆಂದು ಅಲ್ಲೇ ಬ್ಯಾಟರಿಯ ಡಬ್ಬದ ಮೇಲೆ ಕೂತು ಹಾಡು ಮುಗಿಯುವವರೆಗೆ ಗುಂಡಿ ಹಿಡಿದುಕೊಂಡಿದ್ದೆ.

ಸಂಜೆಯ ಬಸ್ಸಿನಲ್ಲಿ ಇಳಕಲ್ಲಿಗೆ ಮರಳಿದೆವು. ಹುಸೇನಸಾಬರು ಬೀಗರು ಬಿಡಲಿಲ್ಲವೆಂದು ಅಲ್ಲೇ ಉಳಿದರು. ಹಾರ್ನುಗಳು ಬಸ್ಸಿನ ಮೇಲಿದ್ದವು, ಬ್ಯಾಟರಿ ನಮ್ಮ ಕಾಲ ಬುಡದಲ್ಲಿತ್ತು. ಊರು ಹತ್ತಿರ ಬಂದಾಗ ಇವರು ಕಿಟಕಿಯ ಹೊರಗೆ ನೋಡುತ್ತ ಕೇಳಿದರು, "ಹೆಂಗಾತು ಹಾಡು?"

"ಎರಡನೇ ಚರಣದಾಗ ಕೆಳಗ ಬಿದ್ರಿ" ಎಂದೆ.

"ಹೂಂ. ಬೀಳುಮುಂದ ನನಗೂ ಗೊತ್ತಾತು."

ಮದುವೆಯಾದ ಮೇಲೆ ಮೊದಲ ಸಲ ಸಂಗೀತದ ವಿಷಯದಲ್ಲಿ ನಾವಿಬ್ಬರೂ ಒಂದೇ ಮಾತು ಆಡಿದ್ದೆವು.